ಯಾವ ಮಹಶೀರ್? ಹೈಸ್ಕೂಲ್ ಗ್ರೂಪಲ್ಲಿ ನಡೆದ ಜಗಳ

ಮಂಜ: (ವಿಡಿಯೋ) ನೋಡ್ರೋ ಹೇಮಾವತಿ ಹೊಳೆಗೆ ಮಹಶೀರ್ ಮೀನಿನ ಮರಿ ಬಿಡ್ತಾವ್ರೆ, ಸಕಲೇಶಪುರದ ಹತ್ರ ಅಂತೆ. ಎಲ್ರೂ ಶೇರ್ ಮಾಡಿ

ಗಿರಿಜಾ: ತಡಿಯೋ. ಮರಿ ಎಲ್ಲಿಂದ ತಂದಿದ್ದು?

ಮಂಜ: ಶೃಂಗೇರಿಲಿ ಪುರಿ ಎಸೆದ್ರೆ ದಪ್ಪ ತುಟಿ ತಕ್ಕೊಂಡು ಮೆಟ್ಟಿಲ ತನಕ ಬರ್ತವಲ್ಲ, ಅದೇ ಜಾತಿ ಅಂತ ಕೆಳಗೆ ಬರ್ದಿದಾರೆ

ಗಿರಿಜಾ: ಹಂಗಾದ್ರೆ ಶೇರ್ ಮಾಡ್ಬೇಡಿ. ತುಂಗೆನೂ ಹೇಮಾವತಿನೂ ಹುಟ್ಟೋದು ಚಿಕ್ಕಮಗಳೂರು ಜಿಲ್ಲೆಲೇ, ಆದ್ರೆ ಅದು ಕೃಷ್ಣೆಗೆ ಹೋಗುತ್ತೆ ಇದು ಕಾವೇರಿಗೆ. ತುಂಗೆದು ನೀಲಿ ರೆಕ್ಕೆ ಮಹಶೀರ್. ಕಾವೇರಿದು ಕಿತ್ತಳೆ ರೆಕ್ಕೆ, ಬೆನ್ನು ಗೂನು, ಆ ಮೀನು ಕಾವೇರಿ ಮತ್ತದರ ಉಪನದಿ ಬಿಟ್ರೆ ಪ್ರಪಂಚದಲ್ಲೇ ಎಲ್ಲೂ ಇಲ್ಲ. 1946ರಲ್ಲಿ ಕಬಿನಿಲಿ ಸಿಕ್ಕಿದ್ದು 120 ಪೌಂಡು, 54 ಕೆಜಿ ಕಣೋ

ಲೋಕೇಶ: ಹೊಳೆಲಿ ಮೀನೇ ಇಲ್ಲ ಈಗ. ಗೊರೂರು ಡ್ಯಾಮು, ಮರಳು ತೆಗೆಯೋದು, ಮೀನಿಗೆ ಸಿಡಿಸೋ ತೋಟೆ ಎಲ್ಲಾ ಸೇರಿ ಮುಗಿಸಿದಾವೆ. ಏನೋ ಒಂದು ಬಿಡ್ತಿದಾರಲ್ಲ, ಅದಕ್ಕೂ ತಕರಾರಾ

ಗಿರಿಜಾ: ತೋಟೆ ಬಗ್ಗೆ ನೀನ್ ಹೇಳಿದ್ದು ನೂರಕ್ಕೆ ನೂರು ನಿಜ, ಡ್ಯಾಮಿಂದೂ ನಿಜ, ಮುಂಗಾರಲ್ಲಿ ಹೊಸ ನೀರಿಗೆ ಹತ್ತೋ ಮೀನು ಜಲ್ಲಿಕಲ್ಲಿನ ಜಾಗಕ್ಕೆ ಹೋಗಿ ಮೊಟ್ಟೆ ಇಡ್ಬೇಕು, ಗೋಡೆ ಅಡ್ಡ ಬಂದ್ರೆ ಎಲ್ಲಿ ಹೋಗುತ್ತೆ. ಆದ್ರೆ ಕಾವೇರಿಗೆ ನೀಲಿ ರೆಕ್ಕೆ ಬಂದಿದ್ದೂ ಹಿಂಗೇ ಒಳ್ಳೆ ಮನಸ್ಸಿಂದಾನೇ, ಲೋನಾವಳದಲ್ಲಿ ಬೆಳೆಸಿದ ಮರಿ. ಆಮೇಲೆ ಗಾಳ ಹಾಕಿ ಹಿಡಿದು ಬಿಡೋರ ಲೆಕ್ಕ ತೆಗೆದು ನೋಡಿದ್ರೆ ನೀಲಿದು ಏರ್ತಾ ಹೋಗಿದೆ ಗೂನು ಬೆನ್ನಿಂದು ಇಳೀತಾ ಹೋಗಿದೆ

ಮಂಜ: ಅಷ್ಟು ದೊಡ್ಡ ಮೀನನ್ನ ಸರ್ಕಾರ ಮೊದ್ಲೇ ಯಾಕೆ ಕಾಪಾಡ್ಲಿಲ್ಲ ಮತ್ತೆ

ಗಿರಿಜಾ: ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರೇ ಇರ್ಲಿಲ್ಲ! 2007ರಲ್ಲಿ ಕೇರಳದ ಪಾಂಬಾರ್ ಹೊಳೆ ಮೀನಿಗೆ ಟಾರ್ ರೆಮಾದೇವಿ ಅಂತ ಇಟ್ರು, 2018ರಲ್ಲಿ ನಮ್ದೂ ಅದೇ ಅಂತ ಗೊತ್ತಾಯ್ತು, ಆ ವರ್ಷನೇ ಐಯುಸಿಎನ್ ಅನ್ನೋ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಲಿ ಅಳಿವಿನ ಅಂಚಿಗೆ ಹಾಕಿದ್ರು. ಹೆಸರಿಲ್ಲದ್ದನ್ನ ಪಟ್ಟಿಗೆ ಹೆಂಗ್ ಸೇರಿಸ್ತಾರೆ. ನಂಗೆ ಇದೇ ಹೊಟ್ಟೆ ಉರಿಯೋದು

ಲೋಕೇಶ: ಸರಿ, ಆದ್ರೂ ತೋಟೆ ಹಾಕೋರನ್ನ ಮೊದ್ಲು ಹಿಡೀಲಿ ಅಂತೀನಿ ನಾನು

ಗಿರಿಜಾ: ಹಿಡೀಲಿ, ಅದಕ್ಕೆ ಅರ್ಜಿ ಬರಿ, ಮೊದಲನೇ ಸಹಿ ನಂದೇ

ಮಂಜ: ವಿಡಿಯೋ ಅಳಿಸಿದೆ. ಕಳಿಸಿದ್ದು ನಮ್ ಭಾವ, ಮರಿ ಇನ್ನೂ ಡ್ರಮ್ಮಲ್ಲೇ ಇದಾವಾ ಕೇಳ್ತೀನಿ ತಡಿ