ಪ್ರಶ್ನೋತ್ತರ: ಕಮ್ಮಿ ಖರ್ಚಿನ ಅರ್ಥಶಾಸ್ತ್ರವೋ, ದುಬಾರಿ ಬಿಸಿನೆಸ್ ಡಿಗ್ರಿಯೋ?

ಎರಡನೇಬೆಂಚು: ಮೇಡಂ, ಅರ್ಥಶಾಸ್ತ್ರ ಡಿಗ್ರಿಯ ನಾಲ್ಕು ಪಟ್ಟು ಫೀಸು ಬಿಸಿನೆಸ್ ಡಿಗ್ರಿಗೆ ಕೇಳ್ತಿದ್ದಾರೆ. ಯಾವುದು ತಗೊಳ್ಳಲಿ?

ಸಲಹೆಗಾರ್ತಿ: ಮುಂದೆ ಏನು ಓದೋ ಮನಸ್ಸಿದೆ ಅನ್ನೋದು ಮೊದಲು. ಅರ್ಥಶಾಸ್ತ್ರ ಓದಿ ಎಂಬಿಎಗೆ ಹೋಗೋದು ಕಷ್ಟವಿಲ್ಲ. ಬಿಸಿನೆಸ್ ಓದಿ ಅರ್ಥಶಾಸ್ತ್ರದ ಮಾಸ್ಟರ್ಸ್‌ಗೆ ಹೊರಟರೆ ಕ್ಯಾಲ್ಕುಲಸ್ ಎಲ್ಲಿ, ಲೀನಿಯರ್ ಆಲ್ಜಿಬ್ರಾ ಎಲ್ಲಿ, ಇಕನಾಮೆಟ್ರಿಕ್ಸ್ (ಅಂಕಿಅಂಶ ಹಿಡಿದು ಅರ್ಥಶಾಸ್ತ್ರ ಪರೀಕ್ಷಿಸೋ ವಿಷಯ) ಎಲ್ಲಿ ಅಂತ ಕೇಳ್ತಾರೆ. ಹಾಗಂತ ಹೆಸರು ನೋಡಿ ಅರ್ಥಶಾಸ್ತ್ರಕ್ಕೂ ಸೇರಬೇಡಿ. ಸೆಮಿಸ್ಟರ್‌ವಾರು ಸಿಲಬಸ್ ತರಿಸಿ. ಗಣಿತ ಒಂದೇ ಪೇಪರ್, ಇಕನಾಮೆಟ್ರಿಕ್ಸ್ ಇಲ್ಲವೇ ಇಲ್ಲ ಅಂದ್ರೆ ಅಲ್ಲೂ ಇದೇ ಪಾಡು.

ಮಳೆಬಿಲ್ಲು: ಎಕನಾಮಿಕ್ಸಾ ಬಿಸಿನೆಸ್ಸಾ, ಯಾವುದು ಒಳ್ಳೇದು ಮೇಡಂ?

ಸಲಹೆಗಾರ್ತಿ: ಮೇಲೆ ಬರೆದಿದ್ದೀನಿ.

ಮಗಳಪ್ಪ: ನಮಸ್ಕಾರ ಮೇಡಂ. ಮಗಳಿಗೆ ಮೂರು ವರ್ಷದ ಬಿಸಿನೆಸ್ ಡಿಗ್ರಿಗೆ ಸೀಟು ಸಿಕ್ಕಿದೆ. ಫೀಸು ಪೂರ್ತಿ ಸಾಲದಲ್ಲೇ, ಮನೆ ಅಡ ಇಡಬೇಕು. ಬ್ರೋಷರ್‌ನಲ್ಲಿ ಶೇ 83 ಪ್ಲೇಸ್‌ಮೆಂಟ್, ಸರಾಸರಿ ಸಂಬಳವೂ ಚೆನ್ನಾಗಿದೆ. ಶುಕ್ರವಾರದೊಳಗೆ ಮುಂಗಡ ಕಟ್ಟಿ ಅಂತಿದ್ದಾರೆ. ಅರ್ಥಶಾಸ್ತ್ರದ ಸೀಟೂ ಇದೆ, ಅದಕ್ಕೆ ಸಾಲ ಬೇಕಿಲ್ಲ.

ಸಲಹೆಗಾರ್ತಿ: ಸರ್, ಮುಂಗಡ ಸದ್ಯಕ್ಕೆ ಕಟ್ಟಬೇಡಿ. ಸೀಟು ಬಿಟ್ಟರೆ ಎಷ್ಟು ವಾಪಸ್, ಯಾವ ತಾರೀಖಿನವರೆಗೆ ಅಂತ ಬರವಣಿಗೆಯಲ್ಲಿ ಬರಲಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಸಾಲದ ಲೆಕ್ಕ ನೋಡಿ. ಸಾಲ 100 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ 10 ಅಂತಿಟ್ಟುಕೊಳ್ಳಿ. ಪ್ರತಿ ವರ್ಷದ ಶುರುವಿಗೆ ಮೂರನೇ ಒಂದು ಪಾಲು ಬಿಡುಗಡೆ ಆದರೆ, ಓದು ಮುಗಿಯೋ ಹೊತ್ತಿಗೆ ಬರೀ ಸರಳಬಡ್ಡಿ ಸೇರಿಯೇ ಅದು 120. ಅದಕ್ಕೆ 10 ವರ್ಷದ ಇಎಂಐ ಹಾಕಿದರೆ ತಿಂಗಳಿಗೆ 1.59, ಒಟ್ಟು ಕಟ್ಟೋದು 190. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಇಎಂಐ 1.32ಕ್ಕೆ ಇಳಿಯುತ್ತೆ, ಎಲ್ಲ ಸೇರಿ 179. ನಿಮ್ಮ ಸಾಲದಲ್ಲಿ ಎಷ್ಟು ನೂರು ಇದೆಯೋ ಅಷ್ಟರಿಂದ ಗುಣಿಸಿ, ಬಂದ ಇಎಂಐಯನ್ನ ಮಗಳ ಮೊದಲ ಸಂಬಳದ ಪಕ್ಕ ಇಡಿ. ಸಂಬಳ ಅಂದ್ರೆ ಕೈಗೆ ಬರೋದು.

ಇನ್ನು ಆ ಸರಾಸರಿ. ಒಂಬತ್ತು ಜನಕ್ಕೆ 5, ಒಬ್ಬನಿಗೆ 45 ಸಿಕ್ಕರೆ ಸರಾಸರಿ 9. ಆ ಹತ್ತರಲ್ಲಿ 9 ಪಡೆಯೋನು ಒಬ್ಬನೂ ಇಲ್ಲ. ಮೀಡಿಯನ್ (ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರೋ ಸಂಬಳ) ಕೇಳಿ, ಅದು 5 ಅಂತ ನಿಜ ಹೇಳುತ್ತೆ. ಶೇ 83 ಯಾವುದರಲ್ಲಿ ಅಂತಲೂ ಕೇಳಿ: ಸೇರಿದವರಲ್ಲೋ, "ಅರ್ಹ"ರಲ್ಲೋ? ಮಾರ್ಕ್ಸ್ ಕಮ್ಮಿ ಇದ್ದವರನ್ನ, ಬ್ಯಾಕ್‌ಲಾಗ್ ಇದ್ದವರನ್ನ ಮೊದಲೇ ತೆಗೆದಿಟ್ಟು ಶೇಕಡಾ ಹಾಕೋದು ಹಳೇ ಚಾಳಿ. ಪ್ಯಾಕೇಜಿನಲ್ಲಿ ಬೋನಸ್, ವೇರಿಯಬಲ್ (ಕೆಲಸ ನೋಡಿ ಕೊಡೋ ಪಾಲು) ಎಷ್ಟು ಸೇರಿಸಿದ್ದಾರೆ ಅನ್ನೋದೂ ಇರಲಿ. ಎಲ್ಲಾ ಇಮೇಲ್‌ನಲ್ಲಿ.

ಕೆಲಸ ಸಿಗದಿದ್ರೂ ಕಂತು ನಿಲ್ಲಲ್ಲ, ಮನೆ ಪತ್ರ ಬ್ಯಾಂಕಿನಲ್ಲಿರುತ್ತೆ. ನನಗೆ ದಿಗಿಲಾಗಿರೋದು ಇದಕ್ಕೇ. ಅವಳಿಗೆ ಅಕೌಂಟಿಂಗ್ ಕಡೆ ಒಲವಿದ್ದು ಅರ್ಧ ಫೀಸು ಸ್ಕಾಲರ್‌ಶಿಪ್ ಸಿಕ್ಕಿದ್ರೆ ಬೇರೆ ಮಾತು ಹೇಳ್ತಿದ್ದೆ. ಅರ್ಥಶಾಸ್ತ್ರಕ್ಕೆ ಸೇರಿದರೆ ಸಿಲಬಸ್‌ನಲ್ಲಿ ಇಲ್ಲದ್ದನ್ನ ಹೊರಗೆ ಕಲೀಬೇಕು: ಮೊದಲ ವರ್ಷ ಎಕ್ಸೆಲ್, ಬ್ಯಾಲೆನ್ಸ್ ಶೀಟ್ ಓದೋಷ್ಟು ಅಕೌಂಟಿಂಗ್, ಎರಡನೇ ವರ್ಷ ಡೇಟಾ ಕೆಲಸಕ್ಕೆ ಬೇಕಾದ ಎಸ್‌ಕ್ಯೂಎಲ್, ಆರ್ ಅಥವಾ ಪೈಥಾನ್, ರಜೆಯಲ್ಲಿ ಇಂಟರ್ನ್‌ಶಿಪ್. ಇದನ್ನ ಮಾಡದೆ ಬರೀ ಡಿಗ್ರಿ ಹಿಡಿದು ಬಂದವರೇ "ಅರ್ಥಶಾಸ್ತ್ರಕ್ಕೆ ಕೆಲಸ ಇಲ್ಲ" ಅನ್ನೋದು.

ತುಂತುರು: ಇದೇ ಕೋರ್ಸ್ ದೂರಶಿಕ್ಷಣದಲ್ಲಿ ಮಾಡಿದ್ರೆ ನಡೆಯುತ್ತಾ ಮೇಡಂ?

ಮಳೆಬಿಲ್ಲು: ಫಾರ್ವರ್ಡ್ ಬಂದಿದ್ದು: "ಅತಿ ಹೆಚ್ಚು ಸಂಬಳದ 10 ಡಿಗ್ರಿಗಳು!! ಓದಿಗೆ ಮಾಡಿದ ಸಾಲ ತಾನೇ ತೀರುತ್ತದೆ. 20 ಜನಕ್ಕೆ ಕಳಿಸಿ."

ಸಲಹೆಗಾರ್ತಿ: ಯಾವ ದೇಶದ ಸಂಬಳ, ಯಾವ ವರ್ಷದ್ದು, ಎಷ್ಟು ವರ್ಷ ಅನುಭವ ಇದ್ದವರದ್ದು? ಒಂದೂ ಇಲ್ಲ. ಸಾಲ ತಾನೇ ತೀರಲ್ಲ, ತೀರಿಸಬೇಕು. ಇದನ್ನ ನಂಬಿ ಯಾರೂ ಬ್ಯಾಂಕಿನಲ್ಲಿ ಸಹಿ ಹಾಕಬೇಡಿ. ಇನ್ನೊಂದು ಸಲ ಇಂಥದ್ದು ಹಾಕಿದರೆ ಅಳಿಸ್ತೀನಿ.

ಗೋಡೆಗಡಿಯಾರ: ಮೇಡಂ ಹೇಳಿದ್ದು ಅರ್ಧ ಸತ್ಯ. ಡಿಗ್ರಿ ಅನ್ನೋದು ಸಿಗ್ನಲ್, ಅಂದ್ರೆ ಸಾಮರ್ಥ್ಯವನ್ನ ಕಂಪನಿಗೆ ತೋರಿಸೋ ಗುರುತು ಅಂತ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ತೋರಿಸಿದ್ದಾರೆ, 2001ರಲ್ಲಿ ನೊಬೆಲ್ ಬಂತು. ದುಬಾರಿ ಆದಷ್ಟೂ ಸಿಗ್ನಲ್ ಗಟ್ಟಿ.

ನೀಲಿಶಾಯಿ: ಅರ್ಧ ಓದಿರೋದು ನೀವು. ಸ್ಪೆನ್ಸ್ ಹೇಳೋ ಖರ್ಚು ಸಾಮರ್ಥ್ಯ ಇದ್ದವನಿಗೆ ಕಮ್ಮಿ, ಇಲ್ಲದವನಿಗೆ ಜಾಸ್ತಿ ಬೀಳಬೇಕು. ಆಗಲೇ ಕಂಪನಿಗೆ ಇಬ್ಬರ ವ್ಯತ್ಯಾಸ ಗೊತ್ತಾಗೋದು. ಫೀಸು ಇಬ್ಬರಿಗೂ ಒಂದೇ, ಅದರಿಂದ ಗೊತ್ತಾಗೋದು ಅಪ್ಪನ ಜೇಬು. ಇಕನಾಮೆಟ್ರಿಕ್ಸ್ ಮಾರ್ಕ್ಸ್ ಇದಕ್ಕಿಂತ ಒಳ್ಳೇ ಸಿಗ್ನಲ್.

ಗೋಡೆಗಡಿಯಾರ: ಫೀಸು ಜಾಸ್ತಿ ಇರೋ ಕಡೆ ಪ್ರವೇಶ ಪರೀಕ್ಷೆನೂ ಕಠಿಣ ಇರುತ್ತಲ್ಲ?

ನೀಲಿಶಾಯಿ: ಹಾಗಾದ್ರೆ ಸಿಗ್ನಲ್ ಪರೀಕ್ಷೆಯದು, ಫೀಸಿನದಲ್ಲ. ನೀವೇ ಒಪ್ಪಿಕೊಂಡ್ರಿ.

ಗೋಡೆಗಡಿಯಾರ: ಮೇಷ್ಟ್ರಗಿರಿ ಇಲ್ಲಿ ಬೇಡ. ನೆಟ್‌ವರ್ಕ್ ಅನ್ನೋದು ಒಂದಿದೆ, ಪುಸ್ತಕದ ಹುಳುಗಳಿಗೆ ಅರ್ಥ ಆಗಲ್ಲ.

ನೀಲಿಶಾಯಿ: ಸೋತ ಮೇಲೆ ನೆಟ್‌ವರ್ಕ್ ನೆನಪಾಯ್ತಾ?

ಸಲಹೆಗಾರ್ತಿ: ಇಬ್ಬರೂ ಸಾಕು ಮಾಡಿ. ಮನೆ ಅಡ ಇಡೋ ಮಾತು ನಡೀತಿದೆ ಇಲ್ಲಿ.

ತುಂತುರು: ದೂರಶಿಕ್ಷಣ ಕೇಳಿದ್ದೆ...

ಮಗಳಪ್ಪ: ಮೇಡಂ, ಉತ್ತರ ಬಂತು. ಬ್ಯಾಚ್‌ನಲ್ಲಿ 96 ಜನ, "ಅರ್ಹರು" 60, ಕೆಲಸ ಸಿಕ್ಕಿದ್ದು 50. ಮೀಡಿಯನ್ ಕೊಡೋ ಪದ್ಧತಿ ಇಲ್ಲವಂತೆ. ಆದರೆ ಎಎಸಿಎಸ್‌ಬಿ (ಬಿಸಿನೆಸ್ ಕಾಲೇಜುಗಳಿಗೆ ಮಾನ್ಯತೆ ಕೊಡೋ ಅಂತರರಾಷ್ಟ್ರೀಯ ಸಂಸ್ಥೆ) ಇದೆ ಅಂತ ಒತ್ತಿ ಹೇಳಿದ್ದಾರೆ.

ಸಲಹೆಗಾರ್ತಿ: 96ರಲ್ಲಿ 50 ಅಂದ್ರೆ ಶೇ 52. ಎಎಸಿಎಸ್‌ಬಿಯಲ್ಲಿ ಸದಸ್ಯತ್ವ ಬೇರೆ, ಮಾನ್ಯತೆ ಬೇರೆ. ಸದಸ್ಯರಾದ ಮಾತ್ರಕ್ಕೆ ಮಾನ್ಯತೆ ಬಂದಂಗಲ್ಲ. ಎಎಸಿಎಸ್‌ಬಿಯದೇ ವೆಬ್‌ಸೈಟಿನ ಮಾನ್ಯತೆ ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿ. ಇದ್ದರೂ ಅದು ನೌಕರಿಯ ಖಾತರಿ ಅಲ್ಲ.

ಎರಡನೇಬೆಂಚು: ಬಿಸಿನೆಸ್ ಓದಿದವರಿಗೇ ಸಿಎಫ್‌ಎ (ಹಣಕಾಸು ವಿಶ್ಲೇಷಕರ ಪರೀಕ್ಷೆ) ಸುಲಭ ಅಂತಾರಲ್ಲ ಮೇಡಂ?

ಸಲಹೆಗಾರ್ತಿ: ಮೊದಲ ಲೆವೆಲ್‌ನಲ್ಲಿ ಅರ್ಥಶಾಸ್ತ್ರವೂ ಇದೆ, ಕ್ವಾಂಟ್ಸ್ ಅಂದ್ರೆ ಲೆಕ್ಕ-ಸಂಖ್ಯಾಶಾಸ್ತ್ರವೂ ಇದೆ, ಹಣಕಾಸು ವರದಿ ಓದೋದೂ ಇದೆ. ಯಾರಿಗೂ ಪೂರ್ತಿ ಸುಲಭ ಅಲ್ಲ.

ಮಳೆಬಿಲ್ಲು: ನೇರ ಉತ್ತರ ಕೊಡೋಕೆ ಯಾಕಿಷ್ಟು ಕಷ್ಟ ನಿಮಗೆ?

ಮಗಳಪ್ಪ: ಪಟ್ಟಿಯಲ್ಲಿ ಹೆಸರಿಲ್ಲ ಮೇಡಂ. ಸದಸ್ಯರಂತೆ, ಅಷ್ಟೇ.

ಸಲಹೆಗಾರ್ತಿ: ಸರಿ ಸರ್. ಅರ್ಥಶಾಸ್ತ್ರದ ಸಿಲಬಸ್ ಫೋಟೋ ತೆಗೆದು ಕಳಿಸಿ, ಮೂರರಿಂದ ಐದನೇ ಸೆಮಿಸ್ಟರ್ ಪುಟಗಳು ಬಿಟ್ಟುಹೋಗದಿರಲಿ. ಇಕನಾಮೆಟ್ರಿಕ್ಸ್ ಕಡ್ಡಾಯವೋ ಐಚ್ಛಿಕವೋ ನೋಡಬೇಕು.