‘ಮುನ್ಸೂಚನೆ’ಯೋ ‘ಮುನ್ನಂದಾಜೋ’: ವಾಯುಗುಣ ಮಾದರಿಗಳು ಹೇಳುವುದನ್ನು ಏನೆಂದು ಕರೆಯೋಣ?

ಆತ್ಮೀಯರೇ,

ಕಾವೇರಿ ಕಣಿವೆಯ ನೀರಿನ ಲಭ್ಯತೆ ಮುಂದಿನ ದಶಕಗಳಲ್ಲಿ ಹೇಗೆ ಬದಲಾಗಬಹುದೆಂದು ಪ್ರಾದೇಶಿಕ ವಾಯುಗುಣ ಮಾದರಿಗಳ (ಒಂದು ಪ್ರದೇಶದ ಗಾಳಿ, ಮಳೆ, ಉಷ್ಣತೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕ್ರಮಗಳ) ನೆರವಿನಿಂದ ಲೆಕ್ಕ ಹಾಕುವ ವಿಧಾನವನ್ನು ರೈತರಿಗೆ ವಿವರಿಸುವ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಇಂಥ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕರೆಯುವ ‘ಪ್ರೊಜೆಕ್ಷನ್’ ಎಂಬುದಕ್ಕೆ ಸರಿಯಾದ ಕನ್ನಡ ಪದ ಸಿಗದೆ ಬರವಣಿಗೆ ನಿಂತಿದೆ.

ಕರಡಿನಲ್ಲಿ ‘ಮುನ್ಸೂಚನೆ’ ಎಂದೇ ಬರೆದಿದ್ದೆ. ಅದನ್ನು ಓದಿದ ಮಂಡ್ಯ ಕಡೆಯ ಹಿರಿಯ ರೈತರೊಬ್ಬರು, “ಹಂಗಾರೆ ಯಾವ್ ವರ್ಸ ನಾಲೆಗೆ ನೀರ್ ಬುಡಾಕಿಲ್ಲ ಅಂತ ಈಗ್ಲೇ ಗೊತ್ತಾಯ್ತದಾ?” ಎಂದು ಕೇಳಿದರು. ತಪ್ಪು ಅವರದಲ್ಲ, ಪದದ್ದು. ಹವಾಮಾನ ಇಲಾಖೆಯವರು ಏಪ್ರಿಲ್‌ನಲ್ಲಿ ಆ ವರ್ಷದ ಮುಂಗಾರಿನ ಬಗ್ಗೆ ಹೇಳುವುದು ಮುನ್ಸೂಚನೆ. ಅದು ಫಲಿಸಿತೇ ಇಲ್ಲವೇ ಎಂಬುದು ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ತಿಳಿಯುತ್ತದೆ. ಪ್ರೊಜೆಕ್ಷನ್ ಹಾಗಲ್ಲ. ಹಸಿರುಮನೆ ಅನಿಲಗಳು ಇಂತಿಷ್ಟು ಹೆಚ್ಚುತ್ತ ಹೋದರೆ 2041ರಿಂದ 2070ರವರೆಗಿನ ಮುಂಗಾರು ಮಳೆಯ ಸರಾಸರಿ ಹೀಗಿರಬಹುದು, ಹೆಚ್ಚಳ ಕಡಿಮೆಯಾದರೆ ಹಾಗಿರಬಹುದು ಎಂದು ಅದು ತಿಳಿಸುತ್ತದೆಯೇ ಹೊರತು, 2047ರ ಆಗಸ್ಟಿನಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟುವುದೇ ಎಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ. ‘ಹೋದರೆ’, ‘ಆದರೆ’ ಎಂಬಲ್ಲಿನ ‘ಅರೆ’ ಪ್ರತ್ಯಯದಲ್ಲೇ ಅದರ ಅರ್ಥವೆಲ್ಲ ಅಡಗಿದೆ.

‘ಪ್ರಕ್ಷೇಪ’ ಎಂದರೆ ಹಳಗನ್ನಡ ಓದಿದವರಿಗೆ ಕಾವ್ಯದೊಳಗೆ ಯಾರೋ ಆಮೇಲೆ ತುರುಕಿದ ಪದ್ಯ ನೆನಪಾಗುತ್ತದೆ; ವಿಜ್ಞಾನಿಗಳ ಲೆಕ್ಕಕ್ಕೆ ಆ ಅನುಮಾನ ಅಂಟುವುದು ಬೇಡ. ‘ಮುನ್ನೋಟ’ ಈಗ ಸಂಸ್ಥೆಗಳ ಆಶಯಪತ್ರಗಳ ಪಾಲಾಗಿದೆ. ಉಳಿದದ್ದು ‘ಮುನ್ನಂದಾಜು’. ಕನ್ನಡದ ‘ಮುನ್’ಗೆ ಪಾರಸಿಯಿಂದ ಬಂದ ‘ಅಂದಾಜು’ ಸೇರಿಸುವುದು ಸಲ್ಲದೆನ್ನುವವರು, ‘ಮುನ್ಸೂಚನೆ’ಯೂ ಕನ್ನಡ, ಸಂಸ್ಕೃತ ಬೆರೆತ ಅಚ್ಚ ಅರಿಸಮಾಸವೇ ಎಂಬುದನ್ನು ನೆನೆಯಬೇಕು. ‘ಅಂದಾಜು’ ಎಂದೊಡನೆ ಹೆಚ್ಚುಕಡಿಮೆಗೆ ಅವಕಾಶವಿದೆ ಎಂಬುದು ಯಾರಿಗೂ ಹೊಳೆಯುತ್ತದೆಯಾದ್ದರಿಂದ ನನ್ನ ಒಲವು ಇದರ ಕಡೆಗಿದೆ. ಆದರೂ ‘ಹೀಗಾದರೆ’ ಎಂಬ ಷರತ್ತು ಇದರಲ್ಲಿಯೂ ಕಾಣುವುದಿಲ್ಲ.

‘ಪ್ರಾದೇಶಿಕ’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ವಿವರಣೆಯೊಂದಿಗೆ. ಮಾದರಿಗಳು ನೆಲವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತವೆ. ಇಡೀ ಭೂಮಂಡಲದ ಮಾದರಿಗಳಲ್ಲಿ ಸಾಮಾನ್ಯವಾಗಿ ಒಂದೊಂದು ಚೌಕವೂ ನೂರು, ನೂರೈವತ್ತು ಕಿಲೋಮೀಟರ್ ಅಗಲವಿರುವುದರಿಂದ ಮಳೆ ಸುರಿಯುವ ತಲಕಾವೇರಿಯೂ ಘಟ್ಟದ ಮರೆಯಲ್ಲಿರುವ ಮೈಸೂರೂ ಒಂದೇ ಚೌಕದೊಳಗೆ ಬಿದ್ದುಬಿಡಬಹುದು. ಕಾವೇರಿಯ ಲೆಕ್ಕ ಅಲ್ಲಿಗೇ ಕೆಟ್ಟಿತು. ಪ್ರಾದೇಶಿಕ ಮಾದರಿಗಳು ದೊಡ್ಡ ಮಾದರಿಯಿಂದ ತಮ್ಮ ಪ್ರದೇಶದ ಅಂಚಿನ ಗಾಳಿ, ತೇವ, ಉಷ್ಣತೆಗಳನ್ನು ಪಡೆದು, ಒಳಗಿನದನ್ನು ಐವತ್ತು, ಇಪ್ಪತ್ತೈದು ಕಿಲೋಮೀಟರ್ ಚೌಕಗಳಲ್ಲಿ ಬಿಡಿಸಿ ಲೆಕ್ಕ ಹಾಕುತ್ತವೆ. ‘ಮಾದರಿ’ಯನ್ನು ಮಾತ್ರ ‘ಮಾದರಿ ಗ್ರಾಮ’ದಂತೆ ಓದಿಕೊಳ್ಳಬಾರದೆಂದು ಒಂದು ಸಾಲು ಸೇರಿಸಬೇಕಾಯಿತು.

ಇನ್ನೊಂದು ತೊಡಕು ‘ಋತು’ವಿನದು: ಮಳೆಯ ಲೆಕ್ಕವನ್ನು ಯಾವ ಋತುವಿನದೆಂದು ಬರೆಯುವುದು? ನಮ್ಮ ಋತುಗಳು ಆರು. ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪು ಜೂನ್‌ನಿಂದ ಮೇವರೆಗಿನ ಜಲವರ್ಷವನ್ನು ತಿಂಗಳುಗಳಾಗಿ ವಿಂಗಡಿಸುತ್ತದೆ. ರೈತರು ಮಳೆ ನಕ್ಷತ್ರಗಳನ್ನು ಎಣಿಸುತ್ತಾರೆ. ಮುಂಗಾರು, ಹಿಂಗಾರು ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಿದ್ದೆ. ಆದರೆ ಹವಾಮಾನ ಇಲಾಖೆಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೀಳುವ ಅಶ್ವಿನಿ, ಭರಣಿ ಮಳೆಗಳನ್ನೂ ಮುಂಗಾರೆಂದೇ ಕರೆಯುವವರು ಹಳೆ ಮೈಸೂರಿನಲ್ಲಿದ್ದಾರೆ. ಪತ್ರಿಕೆಗಳ ‘ಪೂರ್ವ ಮುಂಗಾರು’ ಇಲ್ಲಿ ಸಾಕೇ?

‘ಮುನ್ನಂದಾಜು’ ಪದವನ್ನು ಬೇರಾವುದಾದರೂ ಅರ್ಥದಲ್ಲಿ ಯಾರಾದರೂ ಬಳಸಿದ್ದನ್ನು ಕಂಡಿದ್ದರೆ, ಅಥವಾ ಷರತ್ತನ್ನೂ ಒಳಗೊಳ್ಳುವ ಪದ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ.