ಒರೆಸಿದಷ್ಟೂ ಮರಳಿ ಬರುವ ಬಿಳಿ ಪೊರೆ: ಕಪ್ಪು ಚರ್ಮದ ಬೂಟಿಗೆ ಏನಾಗಿದೆ?

ಕರಿಬೂಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಲೇಸು ಕಟ್ಟುವ ಒಂದು ಜೊತೆ ಕಪ್ಪು ಚರ್ಮದ ಬೂಟುಗಳಿವೆ. ಕಳೆದ ಮೂರು ವಾರಗಳಿಂದ ಅವುಗಳ ಮುಂಭಾಗದಲ್ಲಿ, ಅದರಲ್ಲೂ ನಡೆಯುವಾಗ ಚರ್ಮ ಮಡಚಿಕೊಳ್ಳುವ ಜಾಗದಲ್ಲಿ, ತೆಳುವಾದ ಬಿಳಿ ಪೊರೆಯೊಂದು ಕಾಣಿಸಿಕೊಳ್ಳುತ್ತಿದೆ. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಯಿತು, ಮರುದಿನ ಬಂತು. ಪಾಲಿಶ್ ಹಚ್ಚಿದೆ, ಹೋಯಿತು, ಮರುದಿನ ಪಾಲಿಶಿನ ಮೇಲೆಯೇ ಬಂತು. ಸೋಪು ಹಾಕಿ ತೊಳೆದು ನೆರಳಿನಲ್ಲಿ ಒಣಗಿಸಿದ ಮೇಲೂ ಅದೇ ಕಥೆ. ನಾನು ಬೂಟುಗಳನ್ನು ಎಲ್ಲೆಂದರಲ್ಲಿ ಬಿಸಾಡುವವನಲ್ಲ, ವಾರಕ್ಕೊಮ್ಮೆ ತಪ್ಪದೆ ಆರೈಕೆ ಮಾಡುವವನು. ಆದ್ದರಿಂದ ‘ಪಾಲಿಶ್ ಮಾಡುತ್ತೀರಾ’ ಎಂಬ ಪ್ರಶ್ನೆಯನ್ನು ದಯವಿಟ್ಟು ಯಾರೂ ಕೇಳಬೇಡಿ. ಇದೇನು, ಇದಕ್ಕೆ ಮದ್ದೇನು ಎಂಬುದನ್ನಷ್ಟೇ ತಿಳಿಸಿದರೆ ಉಪಕಾರವಾಗುತ್ತದೆ. ಇನ್ನೊಂದು ವಾರ ಹೀಗೆಯೇ ನಡೆದರೆ ಇವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ.

ಬೂಷ್ಟುವೈರಿ

ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ, ಇದು ಬೂಷ್ಟು. ಗಾಳಿಯ ಸಾಪೇಕ್ಷ ತೇವಾಂಶ ಶೇ 70ರ ಮೇಲೆ ಹಲವು ದಿನ ನಿಂತರೆ ಚರ್ಮದ ಮೇಲೆ ಶಿಲೀಂಧ್ರ ಹುಟ್ಟಿಯೇ ಹುಟ್ಟುತ್ತದೆ. ನೀವು ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಹಾಕಿ ತೊಳೆದು ಅದಕ್ಕೆ ಇನ್ನಷ್ಟು ನೀರು ಕೊಟ್ಟಿದ್ದೀರಿ. ವಿನೆಗರ್ ಮತ್ತು ನೀರನ್ನು ಸಮಪಾಲಿನಲ್ಲಿ ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಎರಡು ದಿನ ಗಾಳಿಯಾಡುವ ಕಡೆ ಇಡಿ.

ಏಳುಬ್ರಷ್

ಬೂಷ್ಟು ಅಲ್ಲ, ಉಪ್ಪು. ಪಾದದ ಬೆವರಿನ ಲವಣಾಂಶ ಚರ್ಮದ ಒಳಗಿನಿಂದ ಹೊರಕ್ಕೆ ಜಿನುಗಿ, ನೀರು ಆರಿದ ಮೇಲೆ ಬಿಳಿಯ ಗೆರೆಯಾಗಿ ಉಳಿಯುತ್ತದೆ. ಚರ್ಮ ಮಡಚಿಕೊಳ್ಳುವ ಜಾಗದಲ್ಲೇ ಹೆಚ್ಚು ಎಂದು ನೀವೇ ಬರೆದಿದ್ದೀರಲ್ಲ. ನನ್ನ ಬಳಿ ಕುದುರೆಕೂದಲಿನ ಏಳು ಬ್ರಷ್‌ಗಳಿವೆ: ಕಪ್ಪಿಗೆ ಎರಡು, ಕಂದಿಗೆ ಎರಡು, ಬಣ್ಣವಿಲ್ಲದ ಮೇಣಕ್ಕೊಂದು, ಧೂಳಿಗೊಂದು, ಅಟ್ಟೆಯ ಅಂಚಿಗೊಂದು. ಪ್ರತಿ ಸಂಜೆ ಬೂಟು ಕಳಚಿದ ತಕ್ಷಣ ಧೂಳಿನ ಬ್ರಷ್ ಆಡಿಸಿ, ಸೀಡರ್ ಮರದ ಶೂ ಟ್ರೀ, ಅಂದರೆ ಬೂಟಿನ ಆಕಾರ ಕಾಯುವ ಅಚ್ಚನ್ನು, ತೂರಿಸಿಡುತ್ತೇನೆ. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ಇಂಥ ತೊಂದರೆ ಬಂದಿಲ್ಲ.

ನಿಧಾನಸ್ಥ

ಕರಿಬೂಟು ಅವರೇ, ನಿಮ್ಮ ವಿವರಣೆ ಇಲ್ಲಿ ಬಂದಿರುವ ಎರಡು ಉತ್ತರಗಳಿಗೂ ಹೊಂದುತ್ತದೆ, ಇನ್ನೂ ಎರಡು ಕಾರಣಗಳಿಗೂ ಹೊಂದುತ್ತದೆ. ಬೂಟುಗಳನ್ನು ಎಲ್ಲಿಡುತ್ತೀರಿ, ತೆರೆದ ಕಡೆಯೋ ಡಬ್ಬಿಯಲ್ಲೋ? ಮೂಗಿನ ಬಳಿ ಹಿಡಿದರೆ ಮಣ್ಣಿನಂಥ ಮುಗ್ಗುಲು ವಾಸನೆ ಬರುತ್ತದೆಯೇ? ಪೊರೆ ದುಂಡನೆಯ ಚುಕ್ಕೆಗಳಾಗಿದೆಯೋ, ಕನ್ನಡಿಯ ಮೇಲಿನ ಉಸಿರಿನ ಮಂಜಿನಂತೆ ಒಂದೇ ಸಮನಾಗಿದೆಯೋ? ಕಳೆದ ಎರಡು ತಿಂಗಳಲ್ಲಿ ಏನೇನು ಹಚ್ಚಿದ್ದೀರಿ ಎಂಬುದನ್ನೂ ಬಿಡದೆ ತಿಳಿಸಿ.

ಕರಿಬೂಟು

ಬೂಟುಗಳನ್ನು ಕಪಾಟಿನ ಕೆಳಗಿನ ಅರೆಯಲ್ಲಿ ಅವುಗಳ ಡಬ್ಬಿಯಲ್ಲೇ ಇಡುತ್ತೇನೆ. ಹೊರಗೆ ವಾಸನೆಯಿಲ್ಲ. ಪೊರೆ ಮಂಜಿನಂತಿದೆ. ಎಲ್ಲರೂ ಹಚ್ಚುವುದನ್ನೇ ನಾನೂ ಹಚ್ಚಿದ್ದೇನೆ. ನಿನ್ನೆ ರಾತ್ರಿ ವಿನೆಗರ್ ನೀರಿನಲ್ಲಿ ಒರೆಸಿಟ್ಟಿದ್ದೆ, ಇಂದು ಬೆಳಿಗ್ಗೆ ಮತ್ತೆ ಬಂದಿದೆ.

ಬೂಷ್ಟುವೈರಿ

ಒಮ್ಮೆ ಒರೆಸಿದರೆ ಸಾಲದು, ಶಿಲೀಂಧ್ರದ ಎಳೆಗಳು ಚರ್ಮದ ರಂಧ್ರಗಳೊಳಗೆ ಇಳಿದಿರುತ್ತವೆ. ಸತತ ನಾಲ್ಕು ರಾತ್ರಿ ಒರೆಸಿ. ಆಗಲೂ ಹೋಗದಿದ್ದರೆ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ.

ಏಳುಬ್ರಷ್

ಆಲ್ಕೋಹಾಲ್ ಚರ್ಮದ ಬಣ್ಣವನ್ನೂ ಮೇಲಿನ ಲೇಪವನ್ನೂ ಎಬ್ಬಿಸಿಬಿಡುತ್ತದೆ ಎಂಬುದನ್ನು ಹೇಳದೆ ಇಂಥ ಸಲಹೆ ಕೊಡುವುದು ಸರಿಯಲ್ಲ. ಇದಕ್ಕಿಂತ ಸ್ಯಾಡಲ್ ಸೋಪಿನ ನೊರೆಯಿಂದ ಮೃದುವಾಗಿ ಉಜ್ಜಿ ಉಪ್ಪನ್ನು ತೆಗೆಯುವುದು ಮೇಲು.

ಬೂಷ್ಟುವೈರಿ

ಹದ ಮಾಡಿದ ಚರ್ಮ ಆಮ್ಲೀಯ ಗುಣದ್ದು, ಅದರ ಪಿಎಚ್ ಸುಮಾರು 3.5ರಿಂದ 5ರ ನಡುವೆ ಇರುತ್ತದೆ. ಸ್ಯಾಡಲ್ ಸೋಪು ಕ್ಷಾರ, ಅದರ ಪಿಎಚ್ 9ರಿಂದ 10ರ ಆಸುಪಾಸಿನದು. ಬೂಟಿಗೆ ಕ್ಷಾರವನ್ನು ಉಜ್ಜಲು ಹೇಳುವವರು ನನ್ನ ಆಲ್ಕೋಹಾಲಿನ ಬಗ್ಗೆ ಆಕ್ಷೇಪ ಎತ್ತುವುದು ವಿಚಿತ್ರವಾಗಿದೆ. ವಿನೆಗರ್ ಆಮ್ಲವಾದ್ದರಿಂದ ಆ ಬಗೆಯ ಹಾನಿಯನ್ನಾದರೂ ಮಾಡುವುದಿಲ್ಲ.

ಏಳುಬ್ರಷ್

ಕುದುರೆಯ ಜೀನುಗಳಿಗೆ ತಲೆಮಾರುಗಳಿಂದ ಅದನ್ನೇ ಬಳಸುತ್ತಿದ್ದಾರೆ. ಅವೆಲ್ಲ ಹಾಳಾಗಿವೆಯೇ?

ನಿಧಾನಸ್ಥ

ಸೋಪಿನ ಚರ್ಚೆಗೆ ಬೇರೆ ಎಳೆ ತೆರೆಯೋಣ. ಒಂದೇ ಮಾತು: ಗಡಸು ನೀರಿನಲ್ಲಿ ಯಾವ ಸೋಪು ಹಾಕಿದರೂ ಕ್ಯಾಲ್ಸಿಯಂ ಸೋಪಿನ ಬಿಳಿ ಕಲ್ಮಷ ಉಳಿಯಬಹುದು. ಹಾಗಾಗಿ ಪ್ರಶ್ನೆ ಕೇಳಿದವರು ಸದ್ಯ ಮತ್ತೆ ತೊಳೆಯದಿರುವುದೇ ಒಳ್ಳೆಯದು.

ಈಗ ಊಹೆಗಳನ್ನು ಬದಿಗಿಟ್ಟು ಮೂರು ಪರೀಕ್ಷೆ ಮಾಡಿ. ಮೊದಲನೆಯದಾಗಿ, ಪೊರೆಯ ಮೇಲೆ ಪಾರದರ್ಶಕ ಅಂಟುಪಟ್ಟಿಯನ್ನು ಒತ್ತಿ ಎಬ್ಬಿಸಿ, ಕಪ್ಪು ಕಾಗದದ ಮೇಲೆ ಅಂಟಿಸಿ, ಭೂತಗನ್ನಡಿಯಲ್ಲಿ ನೋಡಿ. ಹತ್ತಿಯಂಥ ಎಳೆಗಳು ಕಂಡರೆ ಬೂಷ್ಟು. ಎರಡನೆಯದಾಗಿ, ಬೇರೊಂದು ಜಾಗಕ್ಕೆ ಒಂದೇ ಹನಿ ನೀರು ಹಾಕಿ ನೋಡಿ. ಪೊರೆ ಕರಗಿ ಹನಿಯ ಅಂಚಿನಲ್ಲಿ ಹೊಸ ಗೆರೆಯಾಗಿ ಒಣಗಿದರೆ ಉಪ್ಪು. ಮೂರನೆಯದಾಗಿ, ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಗೆ ಇಟ್ಟು, ಒಂದು ಗೇಣು ದೂರದಿಂದ ಹಿಡಿದು ನೋಡಿ. ಕಣ್ಣೆದುರೇ ಪೊರೆ ಮಾಯವಾದರೆ ಅದು ಕೊಬ್ಬು. ಬೂಷ್ಟಾಗಲಿ ಉಪ್ಪಾಗಲಿ ಅಷ್ಟು ಬಿಸಿಗೆ ಕರಗುವುದಿಲ್ಲ. ಚರ್ಮ ಒದ್ದೆಯಿದ್ದಾಗ ಮಾತ್ರ ಇದನ್ನು ಮಾಡಬೇಡಿ. ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ಒದ್ದೆಯಾಗಿದ್ದಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುಗ್ಗತೊಡಗುತ್ತದೆ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಸುಮಾರು 100 ಡಿಗ್ರಿಯವರೆಗೆ ತಡೆಯುತ್ತದೆ, ಆದರೆ ನಿಮ್ಮದು ಯಾವುದೆಂದು ನಮಗೆ ಗೊತ್ತಿಲ್ಲ.

ಬೂಷ್ಟುವೈರಿ

ಇಷ್ಟೆಲ್ಲ ಪ್ರಯೋಗಗಳ ಅಗತ್ಯ ನನಗೆ ಕಾಣುವುದಿಲ್ಲ. ವಿನೆಗರ್ ಮುಂದುವರಿಸಿ.

ಕರಿಬೂಟು

ನಾಲ್ಕು ರಾತ್ರಿ ವಿನೆಗರ್ ಹಾಕಿದ್ದೂ ಆಯಿತು. ಕಪಾಟು ತೆರೆದರೆ ಉಪ್ಪಿನಕಾಯಿಯ ಭರಣಿ ತೆರೆದಂತಿದೆ, ಬೂಟು ಮಾತ್ರ ಮೊದಲಿನಂತೆಯೇ ಬೆಳ್ಳಗಿದೆ. ಆದ್ದರಿಂದ ನಿಧಾನಸ್ಥ ಅವರ ಪರೀಕ್ಷೆಗಳನ್ನು ಮಾಡಿದೆ. ಅಂಟುಪಟ್ಟಿಯಲ್ಲಿ ಎಳೆಗಳಿಲ್ಲ, ಜಿಡ್ಡಿನ ಮಸುಕಷ್ಟೇ ಇದೆ. ನೀರಿನ ಹನಿ ಮುತ್ತಿನಂತೆ ಉರುಳಿಹೋಯಿತು, ಪೊರೆ ಕದಲಲಿಲ್ಲ. ಹೇರ್ ಡ್ರೈಯರ್ ಹಿಡಿದಾಗ ಮಾತ್ರ ಎಣಿಸಿ ಆರು ಸೆಕೆಂಡುಗಳಲ್ಲಿ ಬಿಳುಪು ಅಂಚಿನಿಂದ ನಡುವಿಗೆ ಸರಿಯುತ್ತಾ ಪೂರ್ತಿ ಮಾಯವಾಗಿ, ಬೂಟು ಹೊಸದರಂತೆ ಕಪ್ಪಗಾಯಿತು. ಗೆದ್ದೆ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಹಾಜರು.

ಅಂದಹಾಗೆ, ಬೂಟು ಧರಿಸಿ ಹೊರಟ ಅರ್ಧ ಗಂಟೆಯಲ್ಲಿ ಈ ಪೊರೆ ಹೇಗಿದ್ದರೂ ಕಾಣದಂತಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಇರುವುದಿಲ್ಲ. ಇದು ಮುಖ್ಯವೆಂದು ನನಗೆ ತೋರಿರಲಿಲ್ಲ.

ನಿಧಾನಸ್ಥ

ಮೊದಲ ಸಾಲಿನಲ್ಲೇ ಬರಬೇಕಾಗಿದ್ದ ಮಾತು ಅದು. ಕಾಲಿನ ಬಿಸಿಗೇ ಕರಗುತ್ತಿದೆ ಎಂದಾದರೆ ಅದು ಬಹಳ ಕಡಿಮೆ ಶಾಖಕ್ಕೆ ಕರಗುವ ಕೊಬ್ಬು. ಹದ ಮಾಡುವಾಗ ಚರ್ಮಕ್ಕೆ ಉಣಿಸಿದ ಕೊಬ್ಬಿನಿಂದ ಬಿಡುಗಡೆಯಾಗಿ ಮೇಲೆ ಬರುವ ಸ್ಟಿಯರಿಕ್ ಆಮ್ಲ ಸುಮಾರು 69 ಡಿಗ್ರಿಯಲ್ಲಿಯೂ, ಪಾಮಿಟಿಕ್ ಆಮ್ಲ ಸುಮಾರು 63 ಡಿಗ್ರಿಯಲ್ಲಿಯೂ ಕರಗುತ್ತವೆ. ಅವೆರಡೂ ಬೆರೆತಿದ್ದರೆ ಇನ್ನೂ ಸ್ವಲ್ಪ ಮೊದಲೇ ಕರಗಬಹುದು. ಆದರೂ ನಡಿಗೆಯ ಬಿಸಿ ಅದಕ್ಕೆ ಸಾಲದು. ಒಂದು ಕೆಲಸ ಮಾಡಿ: ಪೊರೆಯ ಮೇಲೆ ಹೆಬ್ಬೆರಳನ್ನು ಉಜ್ಜದೆ ಒಂದು ನಿಮಿಷ ಒತ್ತಿ ಹಿಡಿದು ತೆಗೆಯಿರಿ. ಜೊತೆಗೆ, ‘ಎಲ್ಲರೂ ಹಚ್ಚುವುದು’ ಎಂದರೆ ಏನೆಂದು ದಯವಿಟ್ಟು ಹೆಸರಿಟ್ಟು ಹೇಳಿ.

ಕರಿಬೂಟು

ಹೆಬ್ಬೆರಳು ತೆಗೆದಾಗ ಅದರ ಗುರುತು ಅಚ್ಚೊತ್ತಿದಂತೆ ಕಪ್ಪಗೆ ಉಳಿಯಿತು. ಸುತ್ತ ಬಿಳಿ, ನಡುವೆ ಬೆರಳಿನಾಕಾರದ ಕಪ್ಪು.

ಹಚ್ಚಿದ್ದು ತೆಂಗಿನೆಣ್ಣೆ. ಚರ್ಮ ಒಣಗಿ ಬಿರಿಯಬಾರದೆಂದು ವಾರಕ್ಕೊಮ್ಮೆ ರಾತ್ರಿ ಧಾರಾಳವಾಗಿ ಹಚ್ಚಿ, ಹೀರಿಕೊಳ್ಳಲಿ ಎಂದು ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೆ. ಹೀಗೆ ಸುಮಾರು ಎರಡು ತಿಂಗಳಿಂದ ನಡೆದಿದೆ. ಮೊದಮೊದಲು ಏನೂ ಆಗಿರಲಿಲ್ಲ, ರಾತ್ರಿಗಳು ತಣ್ಣಗಾಗತೊಡಗಿದ ಮೇಲೆ ಇದು ಶುರುವಾಯಿತು.

ನಿಧಾನಸ್ಥ

ಹಾಗಾದರೆ ಲೆಕ್ಕ ಸರಿಹೋಯಿತು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಸಂತೃಪ್ತ ಬಗೆಯದು, ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಚಳಿಯಲ್ಲಿ ಸೀಸೆಯೊಳಗೆ ಹೆಪ್ಪುಗಟ್ಟಿದ ಎಣ್ಣೆಯನ್ನು ಎಲ್ಲರೂ ನೋಡಿರುತ್ತಾರೆ. ಅದೇ ಹೆಪ್ಪು ಈಗ ನಿಮ್ಮ ಬೂಟಿನ ಮೇಲಿದೆ. ಚರ್ಮ ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚಿನ ಎಣ್ಣೆ ಎಳೆಗಳ ನಡುವೆ ಸಡಿಲವಾಗಿ ಉಳಿದು, ನಡೆಯುವಾಗ ಮಡಿಕೆಗಳಲ್ಲಿ ಹಿಂಡಿದಂತಾಗಿ ಮೇಲೆ ಬರುತ್ತದೆ, ರಾತ್ರಿಯ ತಂಪಿಗೆ ಬಿಳಿಯಾಗುತ್ತದೆ, ಹಗಲು ಕರಗಿ ಮರೆಯಾಗುತ್ತದೆ. ನೀವು ಒರೆಸಿದಾಗೆಲ್ಲ ಹೋದದ್ದು ಮೇಲಿನ ಪದರ ಮಾತ್ರ, ಒಳಗಿನ ದಾಸ್ತಾನು ಹಾಗೆಯೇ ಉಳಿದಿತ್ತು. ನೀರಿನ ಹನಿ ಉರುಳಿಹೋದದ್ದೂ ಅದರಿಂದಲೇ.

ಇನ್ನು ಅದನ್ನು ಹೊರತೆಗೆಯುವುದು. ಮೊದಲು ಎಣ್ಣೆ ಹಚ್ಚುವುದನ್ನು ಪೂರ್ತಿ ನಿಲ್ಲಿಸಿ. ಲೇಸು ಬಿಚ್ಚಿ, ಬೂಟಿನೊಳಗೆ ಹೀರುವ ಕಾಗದವನ್ನು ತುಂಬಿ, ಕಡಿಮೆ ಬಿಸಿಯ ಗಾಳಿಯಲ್ಲಿ ಅಂಗೈಯಗಲದ ಭಾಗವನ್ನು ಕೈಗೆ ಬೆಚ್ಚಗೆ ತಾಗುವಷ್ಟು ಮಾತ್ರ ಕಾಯಿಸಿ, ಕೂಡಲೇ ಮೆತ್ತನೆಯ ಬಿಳಿ ಬಟ್ಟೆಯನ್ನು ಒತ್ತಿ ಎಣ್ಣೆಯನ್ನು ಹೀರಿಸಿ. ಉಜ್ಜಬೇಡಿ, ಒತ್ತಿ. ಬಟ್ಟೆಯ ಮೇಲೆ ಜಿಡ್ಡಿನ ಕಲೆ ಮೂಡುವುದು ನಿಲ್ಲುವವರೆಗೆ ಜಾಗ ಬದಲಿಸುತ್ತಾ ಹೋಗಿ. ಒಂದೇ ದಿನದಲ್ಲಿ ಮುಗಿಯುವ ಕೆಲಸ ಇದಲ್ಲ, ಒಳಗಿನ ಎಣ್ಣೆ ಮೇಲೆ ಬರಲು ಬಿಡುವು ಕೊಟ್ಟು ದಿನ ಬಿಟ್ಟು ದಿನ ಮಾಡಿ. ಕೊನೆಗೂ ಉಳಿದರೆ ನ್ಯಾಫ್ತಾ, ಅಂದರೆ ಬತ್ತಿಯಿರುವ ಲೈಟರಿಗೆ ತುಂಬುವ ದ್ರವವನ್ನು, ಬಟ್ಟೆಗೆ ತುಸುವೇ ತಾಗಿಸಿ ಒರೆಸಬಹುದು. ಅದನ್ನು ಮೊದಲು ಬೂಟಿನ ನಾಲಿಗೆಯ, ಅಂದರೆ ಲೇಸಿನ ಕೆಳಗಿರುವ ಚರ್ಮದ ಪಟ್ಟಿಯ, ಹಿಂಭಾಗದಂಥ ಕಾಣದ ಕಡೆ ಪರೀಕ್ಷಿಸಬೇಕು. ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕಿಟಕಿ ತೆರೆದಿರಬೇಕು, ಹೇರ್ ಡ್ರೈಯರ್ ಆ ಕೋಣೆಯಲ್ಲೇ ಇರಬಾರದು.

ಏಳುಬ್ರಷ್

ಎಣ್ಣೆ ಹಚ್ಚಿದ್ದು ತಿಳಿದಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಮೇಲಾಗಿ ಹೊಳಪು ಬರಬೇಕಾದ ಬೂಟಿಗೆ ಎಣ್ಣೆ ಎಂದೂ ಹಚ್ಚಬಾರದು. ಪಾಲಿಶಿಗೆ ಹೊಳಪು ಕೊಡುವ ಕಾರ್ನೌಬಾ ಮೇಣ 82 ಡಿಗ್ರಿಗಿಂತ ಮೇಲೆ ಕರಗುವ ಗಟ್ಟಿ ಮೇಣ, ಅದರ ಕೆಳಗೆ ಜಿಡ್ಡಿದ್ದರೆ ಮೇಲಿನ ಪದರ ಕೂರುವುದೇ ಇಲ್ಲ. ನನ್ನ ಬೂಟಿನ ಮೂತಿಯಲ್ಲಿ ಗಡಿಯಾರದ ಮುಳ್ಳನ್ನು ಓದಬಹುದು. ಚಿತ್ರ ಬೇಕಿದ್ದವರಿಗೆ ಹಾಕುತ್ತೇನೆ.

ಬೂಷ್ಟುವೈರಿ

ಮೇಲಿನ ಪೊರೆ ಕೊಬ್ಬು ಎಂಬುದನ್ನು ಒಪ್ಪುತ್ತೇನೆ. ಆದರೆ ಬೆವರಿದ ಬೂಟನ್ನು ಎಣ್ಣೆ ಸಮೇತ ಡಬ್ಬಿಯಲ್ಲಿ ಮುಚ್ಚಿಟ್ಟವರ ಬಳಿ ಬೂಷ್ಟು ಇಲ್ಲವೆಂದರೆ ನಾನು ನಂಬುವುದಿಲ್ಲ. ಕರಿಬೂಟು ಅವರೇ, ನಾಲಿಗೆಯನ್ನು ಹೊರಕ್ಕೆ ಮಗುಚಿ, ಒಳಗಿನ ಲೈನಿಂಗನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ವಾಸನೆಯನ್ನು ಹೊರಗಿನಿಂದಲ್ಲ, ಒಳಗೆ ಮೂಗಿಟ್ಟು ನೋಡಿ.

ಕರಿಬೂಟು

ನೋಡಿದೆ. ಎಡಗಾಲಿನ ಬೂಟಿನ ನಾಲಿಗೆಯ ಅಡಿಯಲ್ಲಿ, ಹೊಲಿಗೆಯ ಪಕ್ಕ, ಬೂದುಹಸಿರಿನ ಐದಾರು ದುಂಡು ಚುಕ್ಕೆಗಳಿವೆ. ವಾಸನೆಯೂ ಇದೆ. ಬಲಗಾಲಿನದರಲ್ಲಿ ಇಲ್ಲ.

ಬೂಷ್ಟುವೈರಿ

ನಾನು ಮೊದಲ ದಿನದಿಂದ ಹೇಳುತ್ತಿದ್ದುದು ಇದನ್ನೇ.

ನಿಧಾನಸ್ಥ

ನೀವು ಹೇಳುತ್ತಿದ್ದುದು ಹೊರಗಿನ ಪೊರೆಯ ಬಗ್ಗೆ. ಇರಲಿ, ಒಳಗಿನ ಚುಕ್ಕೆಗಳನ್ನು ಕಂಡುಹಿಡಿಸಿದ್ದು ನೀವೇ, ಅಲ್ಲಿಗೆ ನಿಮ್ಮ ಮದ್ದೇ ಸರಿ. ಕರಿಬೂಟು ಅವರು ಚುಕ್ಕೆಗಳನ್ನು ಮನೆಯ ಹೊರಗೆ, ಮೂಗು ಬಾಯಿ ಮುಚ್ಚಿಕೊಂಡು, ಒಣ ಬ್ರಷ್‌ನಿಂದ ಉದುರಿಸಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಲೈನಿಂಗಿಗೆ ಮಾತ್ರ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಒರೆಸಿ, ನೆರಳಿನ ಗಾಳಿಯಲ್ಲಿ ಒಣಗಿಸಲಿ. ಹಳೆಯ ಡಬ್ಬಿಯನ್ನು ಎಸೆಯಿರಿ, ಬೀಜಕಗಳು ಅದರಲ್ಲೂ ಇರುತ್ತವೆ. ಒಮ್ಮೆ ಧರಿಸಿದ ಬೂಟಿಗೆ ಒಂದು ಹಗಲು ರಾತ್ರಿಯ ಬಿಡುವಾದರೂ ಬೇಕು.

ಕರಿಬೂಟು (ಹನ್ನೆರಡು ದಿನಗಳ ನಂತರ)

ತಡವಾದ ಉತ್ತರಕ್ಕೆ ಕ್ಷಮಿಸಿ. ಕಾಯಿಸಿ ಒತ್ತುವ ಕೆಲಸವನ್ನು ಐದು ಬಾರಿ ಮಾಡಿದೆ. ಮೊದಲ ಬಾರಿಗೆ ಬಟ್ಟೆಯನ್ನು ಹಿಂಡುವುದೊಂದು ಬಾಕಿ ಎಂಬಷ್ಟು ಎಣ್ಣೆ ಬಂತು, ಐದನೆಯ ಬಾರಿಗೆ ಕಲೆಯೇ ಮೂಡಲಿಲ್ಲ. ಕಳೆದ ನಾಲ್ಕು ಬೆಳಿಗ್ಗೆಗಳಿಂದ ಪೊರೆ ಬಂದಿಲ್ಲ. ಲೈನಿಂಗಿನ ಚುಕ್ಕೆಗಳೂ ಹೋಗಿವೆ, ಆದರೆ ಅಲ್ಲಿ ತಿಳಿ ಕಲೆಯೊಂದು ಉಳಿದಿದೆ.

ಈಗ ಒಂದೇ ಕೊರತೆ. ಮೂತಿಯ ಅಲಂಕಾರದ ಸಣ್ಣ ತೂತುಗಳಲ್ಲಿ ಮತ್ತು ಹೊಲಿಗೆಯ ಸಂದಿಯಲ್ಲಿ ಬಿಳಿ ಚುಕ್ಕೆಗಳು ಹಾಗೆಯೇ ನಿಂತಿವೆ. ಹೆಬ್ಬೆರಳಿಗೂ ಕರಗುತ್ತಿಲ್ಲ, ನೀರಿಗೂ ಕರಗುತ್ತಿಲ್ಲ.

ಏಳುಬ್ರಷ್

ನೀವು ಹಚ್ಚುವ ಪಾಲಿಶ್ ಕಪ್ಪೋ, ಬಣ್ಣವಿಲ್ಲದ್ದೋ?

ಕರಿಬೂಟು

ಬಣ್ಣವಿಲ್ಲದ್ದು. ಕಂದು ಬೂಟಿಗೂ ಆಗುತ್ತದೆಂದು ಒಂದೇ ಡಬ್ಬಿ ಇಟ್ಟುಕೊಂಡಿದ್ದೇನೆ.

ಏಳುಬ್ರಷ್

ಅದು ಒಣಗಿದ ಮೇಣ. ಬಣ್ಣವಿಲ್ಲದ ಪಾಲಿಶ್ ತೂತಿನಲ್ಲಿ ಸೇರಿ ಒಣಗಿದರೆ ಬಿಳಿಯಾಗಿಯೇ ಕಾಣುತ್ತದೆ. ಮರದ ಕಡ್ಡಿಯ ತುದಿಯನ್ನು ಚೂಪು ಮಾಡಿ ಒಂದೊಂದೇ ತೂತಿನಿಂದ ಎಬ್ಬಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿ, ಮುಂದೆ ಆ ಭಾಗಕ್ಕೆ ಕಪ್ಪು ಪಾಲಿಶನ್ನು ಬ್ರಷ್‌ನಲ್ಲೇ ತೆಳುವಾಗಿ ಹಚ್ಚಿ, ಬಟ್ಟೆಯಲ್ಲಿ ಮೆತ್ತಬೇಡಿ. ನನ್ನ ಎಂಟನೆಯ ಬ್ರಷ್ ಇದೇ ಕೆಲಸಕ್ಕೆಂದು ಮೊನ್ನೆಯಷ್ಟೇ ಬಂದಿದೆ.

ಕರಿಬೂಟು

ಎಡಗಾಲಿನದು ಮುಗಿಯಿತು, ಒಟ್ಟು ನಲವತ್ತೆರಡು ತೂತುಗಳು. ಬಲಗಾಲಿನದನ್ನು ನಾಳೆ ಕೈಗೆತ್ತಿಕೊಳ್ಳುತ್ತೇನೆ.